ಆ ಎರಡು ತಾಸು ಯಾರವು?

ಪ್ರತಿ ವರ್ಷ ಎಸ್ಸೆಸ್ಸೆಲ್ಸಿ ಫಲಿತಾಂಶ ಬಂದ ಮಾರನೆಯ ದಿನ ಪತ್ರಿಕೆಯ ಜಿಲ್ಲಾ ಪುಟದಲ್ಲಿ ಒಂದು ಚಿತ್ರ ತಪ್ಪುವುದಿಲ್ಲ. ತಾಯಿ, ಮಗ ಇಬ್ಬರೂ ಒಂದೇ ಸಲ ಪಾಸಾಗಿರುತ್ತಾರೆ. ಮಗ ತಾಯಿಯ ಬಾಯಿಗೆ ಪೇಢೆ ಇಡುತ್ತಿರುತ್ತಾನೆ, ತಾಯಿ ನಾಚಿಕೊಂಡು ಅರ್ಧ ಬಾಯಿ ತೆರೆದಿರುತ್ತಾಳೆ. ಮೇಲೆ ‘ಓದಿಗೆ ವಯಸ್ಸು ಅಡ್ಡಿಯಲ್ಲ’ ಎಂಬ ತಲೆಬರಹ. ವಯಸ್ಸು ಅಡ್ಡಿ ಎಂದು ಹೇಳಿದವರಾದರೂ ಯಾರು? ಖಾಸಗಿ ಅಭ್ಯರ್ಥಿಯಾಗಿ ಪರೀಕ್ಷೆ ಕಟ್ಟಲು 15 ವರ್ಷ ತುಂಬಿದ್ದರೆ ಸಾಕು, ಮೇಲೆ ಎಷ್ಟಾದರೂ ನಡೆಯುತ್ತದೆ. ಆ ಸುದ್ದಿಯನ್ನು ಓದುವಾಗಲೆಲ್ಲ ನಾನು ಹುಡುಕುವುದು ಬೇರೆಯದನ್ನು. ಆ ತಾಯಿ ಓದಲು ಕುಳಿತಾಗ ಒಲೆಯ ಮುಂದೆ ಯಾರಿದ್ದರು? ಆ ಸಾಲು ಯಾವ ವರ್ಷವೂ ಅಚ್ಚಾಗುವುದಿಲ್ಲ.

ನನ್ನ ಚಿತ್ರ ಪತ್ರಿಕೆಯಲ್ಲಿ ಬರಲಿಲ್ಲ. ಬರುವಂಥದ್ದೂ ಆಗಿರಲಿಲ್ಲ. 2024ರಲ್ಲಿ ನಾನು ಹತ್ತನೇ ತರಗತಿ ಪರೀಕ್ಷೆಗೆ ಕುಳಿತಾಗ ದೊಡ್ಡವನಿಗೆ ಇನ್ನೂ ಐದು ತುಂಬಿರಲಿಲ್ಲ, ಚಿಕ್ಕವಳಿಗೆ ಎರಡು. ಪೇಢೆ ಕೊಟ್ಟರೆ ಅವರೇ ತಿನ್ನುವ ವಯಸ್ಸು. ಮಕ್ಕಳು ದೊಡ್ಡವರಾದ ಮೇಲೆ ಓದುವ ತಾಯಿಯನ್ನು ಎಲ್ಲರೂ ಮೆಚ್ಚುತ್ತಾರೆ. ತೊಟ್ಟಿಲು ತೂಗುವ ವಯಸ್ಸಿನಲ್ಲಿ ಪುಸ್ತಕ ಹಿಡಿದವಳನ್ನು ಕಂಡರೆ ಮಾತ್ರ ‘ಈಗ ಏನು ಅವಸರವಿತ್ತು?’ ಎಂಬ ಮಾತು ಬರುತ್ತದೆ. ನನ್ನ ತವರಿನವರೂ ಅದನ್ನೇ ಅಂದರು.

ಶಾಲೆಯನ್ನು ನಾನು ಬಿಟ್ಟದ್ದು ಒಂಬತ್ತನೇ ತರಗತಿಯಲ್ಲಿ. ಬಿಟ್ಟೆ ಎನ್ನುವುದಕ್ಕಿಂತ, ಹೋಗುವುದು ನಿಂತಿತು ಎಂದರೆ ಸರಿ. ಬ್ಯಾಡಗಿ ಸೀಮೆಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಸಂಕ್ರಾಂತಿಯ ಹೊತ್ತಿಗೆ ಮಾರುಕಟ್ಟೆಗೆ ಮೆಣಸಿನಕಾಯಿ ಚೀಲಗಳ ಆವಕ ಜೋರಾಗುತ್ತದೆ, ಮಾರ್ಚ್‌ವರೆಗೂ ಇಳಿಯುವುದಿಲ್ಲ. ಕಾಯಿಯ ತೊಟ್ಟು ಬಿಡಿಸಲು ಸುತ್ತಲಿನ ಹಳ್ಳಿಗಳ ಹೆಣ್ಣುಮಕ್ಕಳು ಬೇಕು. ಕೂಲಿ ಕಿಲೋ ಲೆಕ್ಕದಲ್ಲಿ, ಹಾಗಾಗಿ ಮನೆಯಿಂದ ಎಷ್ಟು ಕೈ ಬಂದರೆ ಅಷ್ಟು ಲಾಭ. 2014ರ ಆ ಸುಗ್ಗಿಯಲ್ಲಿ ಅವ್ವನಿಗೆ ಹುಷಾರಿರಲಿಲ್ಲ. ಒಂದು ವಾರ ಅವಳ ಬದಲಿಗೆ ಹೋದೆ. ಮುಂದಿನ ವಾರವೂ ಹೋದೆ. ಯುಗಾದಿ ಬರುವ ಹೊತ್ತಿಗೆ ವಾರ್ಷಿಕ ಪರೀಕ್ಷೆ ಮುಗಿದಿತ್ತು. ಯಾರೂ ಗದರಿಸಿ ಬಿಡಿಸಲಿಲ್ಲ, ಯಾರೂ ಕರೆಯಲೂ ಬರಲಿಲ್ಲ. ಶಿಕ್ಷಣ ಹಕ್ಕು ಕಾಯ್ದೆ 2010ರ ಏಪ್ರಿಲ್‌ನಿಂದಲೇ ಜಾರಿಯಲ್ಲಿತ್ತು, ನಿಜ. ಆದರೆ ಅದು 6ರಿಂದ 14 ವರ್ಷದವರಿಗೆ, ಅಂದರೆ ಎಂಟನೇ ತರಗತಿಯವರೆಗೆ. ಎಂಟರಲ್ಲಿ ಸರ್ಕಾರ ನನಗೆ ಸೈಕಲ್ ಕೊಟ್ಟಿತು, ಒಂಬತ್ತರಲ್ಲಿ ನಾನು ಕಾಯ್ದೆಯ ಆಚೆ ಬಿದ್ದೆ. ಆ ಸೈಕಲ್ ಅನಂತರ ಎರಡು ಸುಗ್ಗಿ ನನ್ನನ್ನು ಮಾರುಕಟ್ಟೆಗೆ ಹೊತ್ತಿತು.

ಹತ್ತೊಂಬತ್ತಕ್ಕೆ ಮದುವೆ, ಇಪ್ಪತ್ತಕ್ಕೆ ಮಗ. ಇದರ ಬಗ್ಗೆ ಹೇಳಲು ಹೆಚ್ಚೇನಿಲ್ಲ. ನನ್ನ ವಾರಿಗೆಯವರೆಲ್ಲರದೂ ಹೆಚ್ಚುಕಡಿಮೆ ಇದೇ ಲೆಕ್ಕ.

ಮತ್ತೆ ಓದಬೇಕು ಎನ್ನುವುದು ಹುಟ್ಟಿದ್ದು ದೊಡ್ಡವನನ್ನು ಅಂಗನವಾಡಿಗೆ ಬಿಡಲು ಹೋಗುತ್ತಿದ್ದಾಗ. ಅಲ್ಲಿನ ಸಹಾಯಕಿ ಮಾಡುವ ಕೆಲಸವನ್ನು ನೋಡುತ್ತ ನಿಲ್ಲುತ್ತಿದ್ದೆ. ಗುಡಿಸುವುದು, ಮಕ್ಕಳನ್ನು ಕರೆತರುವುದು, ಅಡುಗೆ, ಕೈ ತೊಳೆಸುವುದು. ಇವೆಲ್ಲ ಮನೆಯಲ್ಲಿ ನಾನು ಬಿಟ್ಟಿ ಮಾಡುವ ಕೆಲಸವೇ, ಅಲ್ಲಿ ಅದಕ್ಕೆ ತಿಂಗಳಿಗೆ ಗೌರವಧನ. ವಿಚಾರಿಸಿದೆ. ಸಹಾಯಕಿಗೆ ಈಗ ಎಸ್ಸೆಸ್ಸೆಲ್ಸಿ ಆಗಿರಬೇಕು, ಕಾರ್ಯಕರ್ತೆಗೆ ಪಿಯುಸಿ ಎಂದರು. ಮಕ್ಕಳ ಮೂಗು ಒರೆಸಲು ತ್ರಿಕೋನಮಿತಿ ಬೇಕೇ ಎಂದು ಆಗ ಸಿಟ್ಟು ಬಂದಿತ್ತು. ಈಗಲೂ ಸ್ವಲ್ಪ ಇದೆ.

ಮೊದಲ ಕೆಲಸ ಹಳೆಯ ಪ್ರೌಢಶಾಲೆಯಿಂದ ದಾಖಲೆ ತೆಗೆಸುವುದು. ಗುಮಾಸ್ತರು ದಾಖಲಾತಿ ವಹಿಯನ್ನು ಕಪಾಟಿನ ತಳದಿಂದ ಎಳೆದು, ಧೂಳು ಕೊಡವಿ, ಬೆರಳಿಗೆ ಎಂಜಲು ಹಚ್ಚಿಕೊಂಡು ಪುಟ ತಿರುವಿದರು. ನನ್ನ ಹೆಸರು ಸಿಕ್ಕಿತು. ಷರಾ ಎಂಬ ಕಾಲಮ್ಮಿನಲ್ಲಿ ‘ದೀರ್ಘ ಗೈರುಹಾಜರಿ’ ಎಂದು ಹಸಿರು ಶಾಯಿಯಲ್ಲಿತ್ತು. ಜನ್ಮದಿನಾಂಕ ಜೂನ್ 1. ನನ್ನ ಮೇಲಿನವಳದೂ ಜೂನ್ 1, ಕೆಳಗಿನವನದೂ ಜೂನ್ 1. ನಮ್ಮ ಊರಲ್ಲಿ ಅರ್ಧಕ್ಕರ್ಧ ಜನ ಒಂದನೇ ತರಗತಿಗೆ ಹೆಸರು ಹಚ್ಚಿಸುವ ದಿನವೇ ಹುಟ್ಟಿದವರು. ದಿನಾಂಕದ ಮಟ್ಟಿಗೆ ಆಧಾರ್ ಕಾರ್ಡ್ ಅದನ್ನೇ ಒಪ್ಪಿಕೊಂಡಿತ್ತು, ಪುಣ್ಯ. ಒಪ್ಪದೇ ಇದ್ದದ್ದು ಹೆಸರು. ವಹಿಯಲ್ಲಿ ನಾನು ಅಪ್ಪನ ಮಗಳು, ಆಧಾರ್‌ನಲ್ಲಿ ಗಂಡನ ಹೆಂಡತಿ, ಅಡ್ಡಹೆಸರೂ ಬೇರೆ. ಇಬ್ಬರೂ ಒಬ್ಬಳೇ ಎಂದು ಬಾಂಡ್ ಪೇಪರಿನ ಮೇಲೆ ಬರೆಸಿ, ನೋಟರಿಯ ಮುಂದೆ ಸಹಿ ಮಾಡಿ ಸಾಬೀತುಪಡಿಸಬೇಕಾಯಿತು. ಗಂಡಸರಿಗೆ ಈ ಖರ್ಚು ಬರುವುದಿಲ್ಲ.

ಆ ಕೋಣೆಯಲ್ಲಿಯೇ ನಾನು ಒಂದು ವಿದ್ಯೆ ಕಲಿತೆ. ‘ಈಗ ಯಾಕಮ್ಮ ಇದೆಲ್ಲ?’ ಎಂದು ಗುಮಾಸ್ತರು ಕೇಳಿದರು. ಅಂಗನವಾಡಿ ಕೆಲಸದ ಮಾತು ಎತ್ತಿದರೆ ‘ಅದಕ್ಕೆ ಲೈನ್ ದೊಡ್ಡದಿದೆ’ ಎಂಬ ಉತ್ತರ ಬರುತ್ತದೆ ಎಂದು ಗೊತ್ತಿತ್ತು. ಓದಬೇಕೆನಿಸಿದೆ ಎಂದರೆ ನಗುತ್ತಾರೆ. ‘ನಾಳೆ ಮಕ್ಕಳಿಗೆ ಹೇಳಿಕೊಡಲು ಬೇಕಾಗುತ್ತದಲ್ಲ ಸರ್’ ಎಂದೆ. ಅವರ ಮುಖವೇ ಬದಲಾಯಿತು. ಕುರ್ಚಿ ತೋರಿಸಿದರು. ‘ತಾಯಿ ಕಲಿತರೆ ಶಾಲೆ ತೆರೆದಂತೆ’ ಎಂದು ಗೋಡೆಯ ಮೇಲಿನ ಬರಹವನ್ನು ನೋಡದೆಯೇ ಹೇಳಿದರು.

ಅಂದಿನಿಂದ ಆ ಮಾತು ನನ್ನ ಗೇಟ್ ಪಾಸ್ ಆಯಿತು. ಅತ್ತೆಗೆ ಅದೇ, ಮನೆಯವರಿಗೆ ಅದೇ, ಎದುರುಮನೆಯವರಿಗೂ ಅದೇ. ಎಲ್ಲ ಕಡೆಯೂ ನಡೆಯಿತು. ಹೆಣ್ಣುಮಗಳು ತನಗಾಗಿ ಓದುತ್ತೇನೆ ಎಂದರೆ ಮನೆ ಮುರಿಯುವ ಮಾತು, ಮಕ್ಕಳಿಗಾಗಿ ಎಂದರೆ ತ್ಯಾಗ. ಒಂದೇ ಪುಸ್ತಕ, ಒಂದೇ ಪಾಠ! ಸುಳ್ಳೇನೂ ಅಲ್ಲ, ಮಕ್ಕಳಿಗೂ ಉಪಯೋಗವಾದೀತು. ಆದರೆ ಐದು ವರ್ಷದವನಿಗೆ ಅ ಆ ಇ ಈ ಕಲಿಸಲು ಹತ್ತನೇ ತರಗತಿ ಬೇಕಿಲ್ಲ ಎನ್ನುವುದು ಕೇಳಿದವರಿಗೂ ಗೊತ್ತು, ಹೇಳಿದ ನನಗೂ ಗೊತ್ತು.

ಅನುಮತಿ ಸಿಕ್ಕ ಮೇಲೆ ನಿಜವಾದ ಚೌಕಾಸಿ ಶುರುವಾಯಿತು. ಹಣದ್ದಲ್ಲ. ಪಠ್ಯಪುಸ್ತಕಗಳು ಮೊಬೈಲಿನಲ್ಲೇ ಪುಕ್ಕಟೆ ಸಿಗುತ್ತವೆ, ಹಳೆಯವನ್ನು ಕೊಡುವವರೂ ಇದ್ದರು. 2023ರ ಜೂನ್ 11ರಿಂದ ಬಸ್ಸೂ ಪುಕ್ಕಟೆಯಾಯಿತು. ಶಕ್ತಿ ಯೋಜನೆಯ ಬಗ್ಗೆ ಏನೇನೋ ಚರ್ಚೆ ಮಾಡುತ್ತಾರೆ, ಹೆಂಗಸರು ಸುಮ್ಮನೆ ಸುತ್ತುತ್ತಾರೆ ಎಂದು ಹಾಸ್ಯ ಮಾಡುತ್ತಾರೆ. ನನ್ನಂಥವಳಿಗೆ ಉಳಿದದ್ದು ಟಿಕೆಟ್ ಹಣವೊಂದೇ ಅಲ್ಲ. ಬಸ್ ಚಾರ್ಜ್ ಕೇಳುವುದೆಂದರೆ ಎಲ್ಲಿಗೆ, ಯಾಕೆ, ಎಷ್ಟು ಹೊತ್ತಿಗೆ ಬರುತ್ತೀ ಎಂಬ ಮೂರು ಪ್ರಶ್ನೆಗೆ ಉತ್ತರ ಕೊಡುವುದು. ಭಾನುವಾರ ತಾಲ್ಲೂಕು ಊರಿನಲ್ಲಿ ನಿವೃತ್ತ ಮೇಷ್ಟರೊಬ್ಬರು ಖಾಸಗಿಯಾಗಿ ಕಟ್ಟುವವರಿಗೆ ಪಾಠ ಹೇಳುತ್ತಿದ್ದರು. ಆ ಮೂರು ಪ್ರಶ್ನೆಗಳಿಲ್ಲದೆ ಅಲ್ಲಿಗೆ ಹೋಗಿ ಬಂದೆ.

ಕೇಳಬೇಕಾಗಿದ್ದದ್ದು ಹೊತ್ತನ್ನು. ದಿನಕ್ಕೆ ಎರಡು ತಾಸು. ಅತ್ತೆ ಕೆಟ್ಟವರಲ್ಲ, ಕಥೆಗಳ ಅತ್ತೆಯಂತೂ ಅಲ್ಲ. ‘ಕೂಸನ್ನು ನಾನು ಹಿಡಿದುಕೊಳ್ಳುತ್ತೇನೆ. ಆದರೆ ಹೊತ್ತಿಗೆ ಸರಿಯಾಗಿ ರೊಟ್ಟಿ ಆಗಿರಬೇಕು’ ಎಂದರು. ನ್ಯಾಯವಾದ ಕರಾರು. ಮನೆಯಲ್ಲಿ ಆರು ಜನ, ಎರಡು ಹೊತ್ತಿನ ಜೋಳದ ರೊಟ್ಟಿ. ಅಂದರೆ ಅತ್ತೆ ಕೊಟ್ಟ ಎರಡು ತಾಸು ನನ್ನ ನಿದ್ದೆಯಿಂದಲೇ ಬರಬೇಕಾಗಿತ್ತು. ಬೆಳಗಿನ ನಾಲ್ಕರಿಂದ ಆರು. ಆ ಹೊತ್ತಿನಲ್ಲಿ ಎಲ್ಲರೂ ಮಲಗಿರುತ್ತಾರೆ, ಎರಡು ವರ್ಷದ ಕೂಸಿನ ಹೊರತು. ತಾಯಿ ಪಕ್ಕದಿಂದ ಎದ್ದದ್ದು ಅದಕ್ಕೆ ಯಾವ ಮಾಯದಲ್ಲಿ ತಿಳಿಯುತ್ತದೋ. ಎಡಗೈಯಲ್ಲಿ ತೊಟ್ಟಿಲ ಹಗ್ಗ, ಬಲಗೈಯಲ್ಲಿ ಪೆನ್ನು. ಭಾಮಿನಿ ಷಟ್ಪದಿಯ ಪ್ರಸ್ತಾರವನ್ನು ನಾನು ಕಲಿತದ್ದು ಹಾಗೆಯೇ. ಮೂರು, ನಾಲ್ಕು, ಮೂರು, ನಾಲ್ಕು. ಮೂರನೆಯ ಮತ್ತು ಆರನೆಯ ಸಾಲಿಗೆ ಅದರ ಒಂದೂವರೆ ಪಟ್ಟು, ತುದಿಗೆ ಒಂದು ಗುರು. ಹಗ್ಗ ಒಮ್ಮೆ ಎಳೆದರೆ ಮೂರು ಮಾತ್ರೆ, ಬಿಟ್ಟರೆ ನಾಲ್ಕು. ಹಗ್ಗ ನಿಂತರೆ ಕೂಸು ಏಳುತ್ತಿತ್ತು, ಲೆಕ್ಕವೂ ತಪ್ಪುತ್ತಿತ್ತು.

ಜನವರಿ ಬಂತು. ಮತ್ತೆ ಸುಗ್ಗಿ. ನನ್ನನ್ನು ಒಂಬತ್ತನೇ ತರಗತಿಯಿಂದ ಹೊರಗೆ ಹಾಕಿದ ತಿಂಗಳುಗಳೇ ಹತ್ತನೇ ತರಗತಿಯ ಓದಿನ ತಿಂಗಳುಗಳು. ಕ್ಯಾಲೆಂಡರ್ ನಮ್ಮ ಸೀಮೆಯ ಹೆಣ್ಣುಮಕ್ಕಳಿಗೆ ಮಾಡುವ ಮೋಸ ಇದು. ಪರೀಕ್ಷೆ ಇರುವುದು ಮಾರ್ಚ್ ಕೊನೆಗೆ, ವರ್ಷದ ಕೂಲಿಯ ದೊಡ್ಡ ಪಾಲು ಬರುವುದು ಅದರ ಹಿಂದಿನ ಮೂರು ತಿಂಗಳಲ್ಲಿ. ಕೂಲಿ ಬಿಡುತ್ತೇನೆ ಎನ್ನುವ ಧೈರ್ಯ ನನಗಿರಲಿಲ್ಲ, ಇರಬೇಕಾಗಿತ್ತು ಎಂದೂ ಅನಿಸುವುದಿಲ್ಲ. ಮುಖಕ್ಕೆ ಬಟ್ಟೆ ಕಟ್ಟಿಕೊಂಡು ಸಂಜೆಯವರೆಗೆ ತೊಟ್ಟು ಬಿಡಿಸಿದ ಕೈಯನ್ನು ಕೊಬ್ಬರಿ ಎಣ್ಣೆ ಹಚ್ಚಿ ತಿಕ್ಕಿ ತೊಳೆದರೂ ಉಗುರಿನ ಸಂದಿಯಲ್ಲಿ ಖಾರ ಕುಳಿತಿರುತ್ತದೆ. ಆ ಕೈಯಲ್ಲಿ ಕೂಸಿನ ಮುಖ ಮುಟ್ಟುವಂತಿಲ್ಲ, ಎದೆಹಾಲು ಕುಡಿಸುವ ಮುಂಚೆ ಮತ್ತೊಮ್ಮೆ ತೊಳೆಯಬೇಕು. ಪುಸ್ತಕ ಹಿಡಿದರೆ ಪುಟದ ತುದಿಗೆ ಖಾರ ಹತ್ತುತ್ತದೆ. ಬೆಳಗಿನ ಜಾವ ಅದೇ ಪುಟ ತಿರುವಿ, ನಿದ್ದೆಗಣ್ಣು ಉಜ್ಜಿಕೊಂಡರೆ ಮುಗಿಯಿತು. ನಿದ್ದೆ ಹೋಗಲು ಚಹಾ ಬೇಕಾಗಲಿಲ್ಲ.

ಇಷ್ಟೆಲ್ಲ ಯಾಕೆ ಮಾಡಿದೆ ಎಂದರೆ, ಸಹಾಯಕಿ ಕೆಲಸದ ಆಸೆ ಒಂದು ಪಾಲು. ಇನ್ನೊಂದು ಪಾಲನ್ನು ಯಾರಿಗೂ ಹೇಳಿರಲಿಲ್ಲ. ಪಕ್ಕದ ಮನೆಯ ಹುಡುಗಿ ಆ ವರ್ಷ ಹತ್ತನೇ ತರಗತಿಯಲ್ಲಿದ್ದಳು. ನನ್ನನ್ನು ವೈನಿ, ಅಂದರೆ ಅತ್ತಿಗೆ, ಎನ್ನುತ್ತಾಳೆ. ಅವಳಿಗೆ ಸಮಾಜ ವಿಜ್ಞಾನ ತಲೆಗೆ ಹತ್ತುತ್ತಿರಲಿಲ್ಲ, ನನಗೆ ಗಣಿತ. ಕೊಟ್ಟು ತೆಗೆದುಕೊಳ್ಳುವ ಒಪ್ಪಂದ ಮಾಡಿಕೊಂಡೆವು. ಒಂದು ದಿನ ಅವಳು ಸಮಾಂತರ ಶ್ರೇಢಿ ಹೇಳಿಕೊಡಲು ಕುಳಿತಳು. ಸೂತ್ರ ಬಾಯಿಪಾಠ ಮಾಡಿ ವೈನಿ, ಸಾಕು ಎಂದಳು. ನನಗೆ ಸಾಕಾಗಲಿಲ್ಲ. ನಮ್ಮ ಸ್ವಸಹಾಯ ಸಂಘದ ಲೆಕ್ಕವನ್ನೇ ಹಾಕಿ ನೋಡೋಣ ಎಂದೆ. ಮೊದಲ ವಾರ 10 ರೂಪಾಯಿ ಉಳಿತಾಯ, ಎರಡನೆಯ ವಾರ 20, ಹಾಗೆ ಹತ್ತನೆಯ ವಾರ 100. ಒಟ್ಟು ಎಷ್ಟು? ನಾನು ಸಾಲಾಗಿ ಕೂಡುತ್ತ ಹೋದೆ. ಅವಳು ತಡೆದು, ಮೊದಲನೆಯದನ್ನೂ ಕೊನೆಯದನ್ನೂ ಕೂಡಿ ಎಂದಳು. 110. ಎರಡನೆಯದನ್ನೂ ಒಂಬತ್ತನೆಯದನ್ನೂ? 20, 90. ಮತ್ತೆ 110. ಮೂರನೆಯದು, ಎಂಟನೆಯದು. ಅದೇ 110. ಐದು ಜೋಡಿ, 550. ನಾನು ಪೆನ್ನು ಕೆಳಗಿಟ್ಟೆ. ಪುಸ್ತಕದಲ್ಲಿದ್ದ ಎನ್ ಬೈ ಟು, ಅದರ ಪಕ್ಕದ ಕಂಸ, ಒಳಗಿನ ಅಕ್ಷರಗಳು ಎಲ್ಲವೂ ಅಲ್ಲಿಯವರೆಗೆ ನನ್ನನ್ನು ಬೈಯಲೆಂದೇ ಇಟ್ಟಂತೆ ಕಾಣುತ್ತಿದ್ದವು. ಎನ್ ಬೈ ಟು ಎಂದರೆ ಜೋಡಿಗಳು! ಇದನ್ನು ಹತ್ತು ವರ್ಷದ ಕೆಳಗೆ ಯಾರಾದರೂ ಹೀಗೆ ತೋರಿಸಿದ್ದರೆ ಎನ್ನುವುದು ಬೇರೆ ಮಾತು. ಅಂದು ರಾತ್ರಿ ಪಾತ್ರೆ ತಿಕ್ಕುತ್ತ ನೂರರವರೆಗೆ ಕೂಡಿದೆ. ಐವತ್ತು ಜೋಡಿ, ಒಂದೊಂದು 101, ಒಟ್ಟು 5050. ನೀರು ಹರಿಯುತ್ತಿತ್ತು, ನಾನು ನಗುತ್ತಿದ್ದೆ. ಮನೆಯವರು ಏನಾಯಿತು ಎಂದು ಒಳಗಿನಿಂದ ಕೇಳಿದರು.

ಆ ಸಂತೋಷದಿಂದ ನನ್ನ ಮಕ್ಕಳಿಗೆ ನಯಾಪೈಸೆ ಉಪಯೋಗವಿಲ್ಲ. ಅದು ನನ್ನದು. ಮದುವೆಯಾದ ಮೇಲೆ ನನ್ನದೇ ಎನ್ನಬಹುದಾದದ್ದು ಸಿಕ್ಕಿದ್ದು ಅದೊಂದೇ ಎಂದರೆ ಉತ್ಪ್ರೇಕ್ಷೆಯಾದೀತು, ಆದರೆ ಬಹಳ ಆಗುವುದಿಲ್ಲ. ಅರ್ಜಿಯಲ್ಲಿ ಇದನ್ನು ಬರೆಯಲು ಕಾಲಮ್ಮು ಇಲ್ಲ.

ಇಂಗ್ಲಿಷ್, ಹಿಂದಿ ಎರಡನ್ನೂ ಹಳೆಯ ಪ್ರಶ್ನೆಪತ್ರಿಕೆ ಹಿಡಿದು ದಾಟಿದೆ. ಪತ್ರ ಬರೆಯುವುದು ಒಂದು, ಪದ್ಯ ಬಾಯಿಪಾಠ ಒಂದು, ಬಿಟ್ಟ ಜಾಗ ತುಂಬುವುದು ಕೆಲವು. ಅದರ ಬಗ್ಗೆ ಹೆಮ್ಮೆಯೂ ಇಲ್ಲ, ಬೇಸರವೂ ಇಲ್ಲ.

2024ರ ಮಾರ್ಚ್ 25ಕ್ಕೆ ಪರೀಕ್ಷೆ ಶುರುವಾಗಿ ಏಪ್ರಿಲ್ 6ಕ್ಕೆ ಮುಗಿಯಿತು. ಆ ವರ್ಷವೇ ಮೂರು ಪರೀಕ್ಷೆಗಳ ಪದ್ಧತಿ ಬಂದದ್ದು, ಆ ವರ್ಷವೇ ಕೇಂದ್ರಗಳಲ್ಲಿ ವೆಬ್‌ಕಾಸ್ಟಿಂಗ್ ಕ್ಯಾಮೆರಾ ಹಾಕಿದ್ದು. ಬೆಳಿಗ್ಗೆ 10.30ಕ್ಕೆ ಒಳಗೆ ಹೋದರೆ ಮಧ್ಯಾಹ್ನ 1.45ಕ್ಕೆ ಹೊರಗೆ. ಅದರಲ್ಲಿ ಪ್ರಶ್ನೆಪತ್ರಿಕೆ ಓದಿಕೊಳ್ಳಲು 15 ನಿಮಿಷ. ಇದೆಲ್ಲ ಹದಿನೈದು ವರ್ಷದವರನ್ನು ಮನಸ್ಸಿನಲ್ಲಿಟ್ಟು ಮಾಡಿದ ಲೆಕ್ಕ. ಇನ್ನೂ ಹಾಲು ಬಿಡದ ಕೂಸಿನ ತಾಯಿಗೆ ಮೂರೂಕಾಲು ತಾಸು ಅಂದರೆ ಏನೆಂದು ಯಾವ ಸುತ್ತೋಲೆಯಲ್ಲೂ ಇಲ್ಲ. ಚಿಕ್ಕವಳನ್ನು ಮನೆಯಲ್ಲಿ ಬಿಟ್ಟರೆ ಬಸ್ಸಿನ ಹೊತ್ತೂ ಸೇರಿ ಆರು ತಾಸು ಆಗುತ್ತಿತ್ತು. ಹಾಗಾಗಿ ಅತ್ತೆ ಜೊತೆಗೆ ಬಂದರು. ಗೇಟಿನ ಬಳಿ ಪೊಲೀಸ್ ಪೇದೆ ತಡೆದರು. ಕೇಂದ್ರದ ಸುತ್ತ 200 ಮೀಟರ್ ನಿಷೇಧಾಜ್ಞೆ, ಯಾರೂ ನಿಲ್ಲುವಂತಿಲ್ಲ. ನಕಲು ಚೀಟಿ ಎಸೆಯುವವರಿಗಾಗಿ ಮಾಡಿದ ಆಜ್ಞೆ ಅತ್ತೆಗೂ ಅವರ ಸೊಂಟದ ಮೇಲಿದ್ದ ಎರಡು ವರ್ಷದವಳಿಗೂ ಅನ್ವಯಿಸಿತು. ಪೇದೆ ಒರಟಾಗಿ ಮಾತನಾಡಲಿಲ್ಲ, ‘ಅಜ್ಜಿ, ಆ ಕಿರಾಣಿ ಅಂಗಡಿಯ ಆಚೆ ಕುಳಿತುಕೊಳ್ಳಿ’ ಎಂದರು. ಮಾರ್ಚ್ ತಿಂಗಳ ಬಿಸಿಲು. ಅಂಗಡಿಯವರು ಒಂದು ಗೋಣಿಚೀಲ ಹಾಸಿಕೊಟ್ಟರಂತೆ. ಕೊನೆಯ ಪತ್ರಿಕೆಯವರೆಗೂ ಅದೇ ಅವರ ಜಾಗ. ನಾನು ಒಳಗೆ ಸಂಧಿ ಬಿಡಿಸುತ್ತಿದ್ದಾಗ ಅವರು ಅಲ್ಲಿ ಬಾಳೆಹಣ್ಣು ಸುಲಿಯುತ್ತಿದ್ದರು.

ಒಳಗೆ ಮೇಲ್ವಿಚಾರಕಿ ಮೊದಲು ನನ್ನನ್ನು ಹೊರಗೆ ಹೋಗಲು ಹೇಳಿದರು, ಪೋಷಕರು ಇಲ್ಲಿ ಬರಬಾರದು ಎಂದು. ಪ್ರವೇಶಪತ್ರ ತೋರಿಸಿದೆ. ಇದನ್ನು ನಾನು ಈಗ ತಮಾಷೆಯಾಗಿ ಹೇಳುತ್ತೇನೆ, ಆಗಲೂ ಅಷ್ಟೇನೂ ನೋವಾಗಲಿಲ್ಲ. ಸಮವಸ್ತ್ರದ ಮಕ್ಕಳ ನಡುವೆ ಸೀರೆ ಉಟ್ಟವಳು ಎದ್ದು ಕಾಣುತ್ತಾಳೆ, ಅಷ್ಟೇ. ನೋವಾದದ್ದು ಎರಡನೆಯ ತಾಸಿನ ಹೊತ್ತಿಗೆ, ಎದೆ ಬಿಗಿದು ಕುಪ್ಪಸ ಒದ್ದೆಯಾದಾಗ. ಸೆರಗು ಮುಂದಕ್ಕೆ ಎಳೆದುಕೊಂಡು ಬರೆದೆ. ಗೋಡೆಯ ಮೇಲಿನ ಕ್ಯಾಮೆರಾ ನೋಡುತ್ತಿತ್ತು.

ಆ ಸಲ ರಾಜ್ಯದ ಫಲಿತಾಂಶವೇ ಕುಸಿಯಿತು, 2023ರಲ್ಲಿ ಶೇ 83.89 ಇದ್ದದ್ದು ಶೇ 73.40ಕ್ಕೆ. ನಾನು ಐದು ವಿಷಯ ಪಾಸು, ಗಣಿತ ಉಳಿಯಿತು. ಇಷ್ಟಪಟ್ಟದ್ದೇ ಕೈಕೊಟ್ಟಿತು. ಶ್ರೇಢಿಯ ಲೆಕ್ಕ ಸರಿ ಬಂದಿತ್ತು, ಪ್ರಮೇಯ ಅರ್ಧಕ್ಕೆ ನಿಂತಿತ್ತು. ಜೂನ್‌ನ ಪರೀಕ್ಷೆ-2ರಲ್ಲಿ ಅದೂ ಆಯಿತು. ಜೂನ್‌ನಲ್ಲಿ ಸುಗ್ಗಿ ಇರಲಿಲ್ಲ, ಅಷ್ಟೇ ವ್ಯತ್ಯಾಸ. ಮೂರು ಪರೀಕ್ಷೆಯ ಪದ್ಧತಿಯನ್ನು ಬೈದ ಮೇಷ್ಟರುಗಳಿಗೆ ನಾನು ಹೇಳುವುದು ಇಷ್ಟೇ: ಮಾರ್ಚ್ ಎಲ್ಲರಿಗೂ ಒಂದೇ ಅಲ್ಲ.

ಪಾಸಾದ ಮೇಲೆ ಊರಿನ ಒಂದು ಸಮಾರಂಭದಲ್ಲಿ ಶಾಲು ಹೊದಿಸಿದರು. ಭಾಷಣದಲ್ಲಿ ಸಾವಿತ್ರಿಬಾಯಿ ಫುಲೆ ಬಂದರು. ಬರಲೇಬೇಕು, ಹೆಣ್ಣುಮಕ್ಕಳ ಓದಿನ ಮಾತು ಬಂದರೆ ಆಕೆಯ ಹೆಸರಿಲ್ಲದೆ ನಮ್ಮಲ್ಲಿ ಮೈಕು ಕೆಳಗಿಡುವುದಿಲ್ಲ. ಮದುವೆಯಾದ ಮೇಲೆ ಗಂಡನಿಂದ ಅಕ್ಷರ ಕಲಿತರು, 1848ರಲ್ಲಿ ಪುಣೆಯಲ್ಲಿ ಹೆಣ್ಣುಮಕ್ಕಳ ಶಾಲೆ ತೆರೆದರು, ಸಗಣಿ ಎಸೆದರೂ ಅಂಜಲಿಲ್ಲ. ಎಲ್ಲವೂ ನಿಜ. ಆದರೆ ಅದೇ ಸಾವಿತ್ರಿಬಾಯಿ, ಜೋತಿಬಾ ಇಬ್ಬರೂ ಸೇರಿ 1863ರಲ್ಲಿ ಬಸುರಿ ವಿಧವೆಯರಿಗಾಗಿ ಒಂದು ಮನೆ ತೆರೆದಿದ್ದರು. ಅಲ್ಲಿ ಹೆರಿಗೆ ಆಗುತ್ತಿತ್ತು, ಕೂಸುಗಳನ್ನು ನೋಡಿಕೊಳ್ಳುತ್ತಿದ್ದರು. ಒಬ್ಬ ವಿಧವೆಯ ಮಗನನ್ನು ತಾವೇ ದತ್ತು ತೆಗೆದುಕೊಂಡು ಯಶವಂತ ಎಂದು ಬೆಳೆಸಿದರು. ಶಾಲೆಯ ಕಥೆಯನ್ನು ಹೇಳುವವರು ಈ ಮನೆಯ ಕಥೆಯನ್ನು ಹೇಳುವುದಿಲ್ಲ. ಶಾಲು ಹೊದ್ದು ಕುಳಿತು ನಾನು ಅದನ್ನೇ ಯೋಚಿಸುತ್ತಿದ್ದೆ. ಹೆಣ್ಣಿಗೆ ಪಾಟಿ ಎಷ್ಟು ಬೇಕೋ, ಅವಳ ತೋಳಿನ ಕೂಸನ್ನು ಹಿಡಿದುಕೊಳ್ಳುವ ಇನ್ನೊಂದು ತೋಳೂ ಅಷ್ಟೇ ಬೇಕು ಎಂದು ನೂರಅರವತ್ತು ವರ್ಷದ ಹಿಂದೆಯೇ ಆಕೆಗೆ ತಿಳಿದಿತ್ತು.

ನಮಗೆ ತಿಳಿದಿಲ್ಲವೆಂದಲ್ಲ, ಅರ್ಧ ತಿಳಿದಿದೆ. ಅಂಗನವಾಡಿ ಯೋಜನೆ 1975ರಲ್ಲಿ ಬಂತು, ನಮ್ಮ ರಾಜ್ಯದಲ್ಲಿ ಮೊದಲು ಟಿ. ನರಸೀಪುರದಲ್ಲಿ. ಆದರೆ ಅಲ್ಲಿ ದಿನವಿಡೀ ಕೂರಿಸಿಕೊಳ್ಳುವುದು ಮೂರು ತುಂಬಿದ ಮಕ್ಕಳನ್ನು. ಮೂರರ ಒಳಗಿನವರಿಗೆಂದು 2023-24ರ ಬಜೆಟ್‌ನಲ್ಲಿ 4,000 ಗ್ರಾಮ ಪಂಚಾಯಿತಿಗಳಲ್ಲಿ ಕೂಸಿನ ಮನೆ ಮಾಡುವುದಾಗಿ ಹೇಳಿದರು. ಒಳ್ಳೆಯ ಹೆಸರು, ಒಳ್ಳೆಯ ಯೋಚನೆ. ಅದನ್ನು ಮಾಡಿದ್ದು ಮುಖ್ಯವಾಗಿ ಉದ್ಯೋಗ ಖಾತ್ರಿ ಕೆಲಸಕ್ಕೆ ಹೋಗುವ ತಾಯಂದಿರಿಗಾಗಿ. ಮಣ್ಣು ಹೊರಲು ಹೋಗುವವಳ ಕೂಸನ್ನು ಸರ್ಕಾರ ಹಿಡಿದುಕೊಳ್ಳುತ್ತದೆ, ಸಂತೋಷ. ಪರೀಕ್ಷೆ ಬರೆಯಲು ಹೋಗುವವಳ ಕೂಸನ್ನೂ ಅದೇ ಕೋಣೆಯಲ್ಲಿ, ಅದೇ ಆಯಾ ಹಿಡಿದುಕೊಂಡರೆ ಹೊಸದಾಗಿ ಗೋಡೆ ಕಟ್ಟಬೇಕಾಗಿಲ್ಲ. ಪರೀಕ್ಷಾ ಕೇಂದ್ರದ ಆವರಣದೊಳಗೆ ಒಂದು ಕೋಣೆ ಬಿಟ್ಟುಕೊಟ್ಟರೆ 200 ಮೀಟರ್ ಆಚೆಯ ಗೋಣಿಚೀಲವೂ ಬೇಕಾಗುವುದಿಲ್ಲ.

ಗಂಡಸರ ವಿಷಯವನ್ನೂ ಹೇಳದೆ ಬಿಡಬಾರದು. ನಮ್ಮ ಮನೆಯವರೂ ಎಸ್ಸೆಸ್ಸೆಲ್ಸಿ ಮುಗಿಸಿಲ್ಲ, ಇಂಗ್ಲಿಷ್ ಉಳಿದುಹೋಗಿದೆ. ಅವರಿಗೆ ಅದು ಎಲ್ಲಿಯೂ ತೊಡಕಾಗಲಿಲ್ಲ. ಮಾರುಕಟ್ಟೆಯಲ್ಲಿ ಹಮಾಲಿಗೆ ಅಂಕಪಟ್ಟಿ ಕೇಳುವುದಿಲ್ಲ. ಈಗ ಗೂಡ್ಸ್ ಗಾಡಿ ಓಡಿಸುತ್ತಾರೆ. ಅದಕ್ಕೆ ಎಂಟನೇ ತರಗತಿ ಆಗಿರಬೇಕೆಂಬ ನಿಯಮವಿತ್ತು, 2019ರಲ್ಲಿ ಕೇಂದ್ರ ಸರ್ಕಾರ ಅದನ್ನೂ ತೆಗೆದುಹಾಕಿತು. ಓದದ ಗಂಡಸಿಗೆ ದುಡಿಮೆಯ ದಾರಿ ಸಲೀಸಾಗುತ್ತ ಬಂದಿದೆ. ಹಳ್ಳಿಯಲ್ಲಿ ಹೆಂಗಸಿಗೆ ತಿಂಗಳಿಗೊಮ್ಮೆ ದುಡ್ಡು ಎಣಿಸುವಂಥ ಕೆಲಸ ಬೆರಳೆಣಿಕೆಯವು, ಅವಕ್ಕೆ ಬೇಕಾದ ಓದು ಮಾತ್ರ ಮೇಲೇರುತ್ತಿದೆ. ಭಾನುವಾರದ ಪಾಠಕ್ಕೆ ಬರುತ್ತಿದ್ದವರಲ್ಲಿ ಹೆಚ್ಚಿನವರು ಹೆಂಗಸರೇ ಆಗಿದ್ದದ್ದಕ್ಕೆ ಇದೇ ಕಾರಣವಿರಬೇಕು. ಬಂದಿದ್ದ ಕೆಲವೇ ಗಂಡಸರಲ್ಲಿ ಒಬ್ಬರಿಗೂ ಮಕ್ಕಳನ್ನು ಎಲ್ಲಿ ಬಿಟ್ಟು ಬಂದಿರಿ ಎಂದು ಯಾರೂ ಕೇಳಲಿಲ್ಲ. ಅವರಲ್ಲಿ ಇಬ್ಬರು ತಂದೆಯರು.

ಈಗ ಊರಿನ ಹುಡುಗಿಯರು, ಅಂದರೆ ಕಂಕುಳಲ್ಲಿ ಕೂಸಿರುವ ಹುಡುಗಿಯರು, ಬಂದು ಕೇಳುತ್ತಾರೆ. ಗೈಡ್ ಯಾವುದು ಕೊಳ್ಳಲಿ ಎನ್ನುತ್ತಾರೆ. ನಾನು ಮೊದಲು ಶಾಲೆಯ ದಾಖಲೆ ತೆಗೆಸಿ, ಹೆಸರು ಕೂಡುತ್ತದೆಯೇ ನೋಡಿ ಎನ್ನುತ್ತೇನೆ, ಅದಕ್ಕೇ ತಿಂಗಳುಗಟ್ಟಲೆ ಹಿಡಿಯುತ್ತದೆ. ಒಂದೇ ಸಲಕ್ಕೆ ಆರು ವಿಷಯ ಹೊರಲು ಆಗದವರಿಗೆ ರಾಷ್ಟ್ರೀಯ ಮುಕ್ತ ಶಾಲೆಯ ದಾರಿ ಇದೆ. ಅಲ್ಲಿ ಐದು ವಿಷಯ, ಐದು ವರ್ಷ, ಒಂಬತ್ತು ಅವಕಾಶ. ಒಂದೊಂದೇ ವಿಷಯ ಕಟ್ಟಿ ಜಮೆ ಮಾಡಿಕೊಳ್ಳಬಹುದು, ಗಣಿತ ಬೇಡವೆಂದರೂ ನಡೆಯುತ್ತದೆ. ಮೈಸೂರಿನ ಜೆಎಸ್‌ಎಸ್ ಮಹಾವಿದ್ಯಾಪೀಠ ನಡೆಸುವ ಕರ್ನಾಟಕ ಮುಕ್ತ ಶಾಲೆಯೂ ಇದೆ. ನಾನು ಮಂಡಳಿಯ ಪರೀಕ್ಷೆಯನ್ನೇ ಹಿಡಿದದ್ದು, ಪಕ್ಕದ ಮನೆಯ ಹುಡುಗಿಯ ಪುಸ್ತಕ ಅದೇ ಆಗಿತ್ತು ಎಂಬ ಕಾರಣಕ್ಕೆ. ಅವರವರ ಅನುಕೂಲ. ಯಾವುದನ್ನು ಹಿಡಿದರೂ ಮನೆಯಲ್ಲಿ ಒಂದು ಮಾತನ್ನು ಮೊದಲೇ ಇತ್ಯರ್ಥ ಮಾಡಿಕೊಳ್ಳಿ ಎನ್ನುತ್ತೇನೆ: ದಿನದ ಆ ಎರಡು ತಾಸು ಕೂಸು ಯಾರ ಕೈಯಲ್ಲಿರುತ್ತದೆ, ಪರೀಕ್ಷೆಯ ದಿನಗಳಲ್ಲಿ ಯಾರ ಕೈಯಲ್ಲಿರುತ್ತದೆ. ‘ನೋಡೋಣ’ ಎಂಬ ಉತ್ತರವನ್ನು ಒಪ್ಪಿಕೊಳ್ಳಬೇಡಿ. ಹೆಸರು ಹೇಳಿಸಿಕೊಳ್ಳಿ.

ಮನೆಯವರು ಯಾಕೆ ಓದುತ್ತೀ ಎಂದು ಕೇಳಿದರೆ ಏನು ಹೇಳಲಿ ಎಂದು ಒಬ್ಬಳು ಮೊನ್ನೆ ಕೇಳಿದಳು. ಮಕ್ಕಳಿಗೆ ಹೇಳಿಕೊಡಲು ಎಂದು ಹೇಳು ಎಂದೆ. ಗೇಟು ದಾಟಿದ ಮೇಲೆ ನಿನ್ನಿಷ್ಟ.

ನಮ್ಮ ಊರಿನ ಕೇಂದ್ರದಲ್ಲಿ ಸಹಾಯಕಿ ಹುದ್ದೆ ಸದ್ಯಕ್ಕೆ ಖಾಲಿಯಿಲ್ಲ. ಅಂಕಪಟ್ಟಿ ಅಕ್ಕಿ ಡಬ್ಬಿಯ ಮೇಲಿನ ಪೆಟ್ಟಿಗೆಯಲ್ಲಿದೆ, ಸಂಘದ ಲೆಕ್ಕದ ಪುಸ್ತಕವನ್ನು ಈಗ ನಾನೇ ಬರೆಯುತ್ತೇನೆ. ಪಿಯುಸಿಯನ್ನು ಖಾಸಗಿಯಾಗಿ, ಕಲಾ ವಿಭಾಗದಲ್ಲಿ ಕಟ್ಟಬೇಕೆಂದಿದ್ದೇನೆ. ಗಣಿತ ಬಿಟ್ಟುಹೋಗುತ್ತದೆ ಎನ್ನುವುದೊಂದು ಬೇಸರ. ಈ ನಡುವೆ ಮನೆಯವರಿಗೂ ಉಳಿದ ಇಂಗ್ಲಿಷ್ ನೆನಪಾಗಿದೆ. ‘ನಾನೂ ಒಂದು ಅರ್ಜಿ ಹಾಕಲೇ?’ ಎಂದು ಊಟಕ್ಕೆ ಕುಳಿತಾಗ ಕೇಳಿದರು. ಹಾಕಿ, ಆದರೆ ಇಬ್ಬರೂ ಒಂದೇ ವರ್ಷ ಕಟ್ಟಲಾಗದು, ಮಕ್ಕಳನ್ನು ನೋಡಿಕೊಳ್ಳಬೇಕಲ್ಲ ಎಂದೆ. ಅತ್ತೆ ತಮ್ಮ ತಟ್ಟೆಯಿಂದ ತಲೆ ಎತ್ತದೆ, ‘ನನಗೂ ಮೊಣಕಾಲು ನೋವು’ ಎಂದರು. ಮೊದಲು ನನ್ನ ಪಿಯುಸಿ, ಆಮೇಲೆ ಅವರ ಇಂಗ್ಲಿಷ್ ಎಂದು ಸದ್ಯಕ್ಕೆ ಒಪ್ಪಿದ್ದಾರೆ. ಬೆಳಗಿನ ನಾಲ್ಕಕ್ಕೆ ತೊಟ್ಟಿಲ ಕಡೆ ಯಾರು ಏಳುವುದು ಎನ್ನುವುದರ ಬಗ್ಗೆ ಮಾತುಕತೆ ಇನ್ನೂ ನಡೆದಿದೆ.